ಎರೆಮಣ್ಣಿನ ಕಬ್ಬಿನ ದಾರಿಗೆ ಸುಣ್ಣ ಹಾಕುವ ಕೆಲಸ

ಮುಧೋಳ, ಜಮಖಂಡಿ ಕಡೆ ಹೊಲದ ದಾರಿ ರಿಪೇರಿಗೆ ನನ್ನನ್ನು ಕರೆಯೋದೇ ಕಬ್ಬಿನ ಸೀಸನ್ ಶುರುವಾಗುವ ಹೊತ್ತಿಗೆ. ಮಳೆ ಆಗಷ್ಟೇ ನಿಂತಿರುತ್ತದೆ. ಎರಡು ಟ್ರ್ಯಾಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಹಸಿ ಎರೆಯಲ್ಲಿ, ಅಂದರೆ ಜಿಗುಟು ಕಪ್ಪು ಮಣ್ಣಿನಲ್ಲಿ, ಹೂತುಕೊಂಡರೆ ಹಿಂದಿನ ಗಾಡಿಗಳೆಲ್ಲ ಅಲ್ಲೇ. "ಇನ್ನೆರಡು ಟಿಪ್ಪರ್ ಗರಸು ಚೆಲ್ಲಿಬಿಡ್ರಿ ಸಾಹೇಬ್ರ" ಅನ್ನುತ್ತಾರೆ ರೈತರು. ಗರಸು ಅಂದರೆ ಕಲ್ಲುಮಿಶ್ರಿತ ಗಟ್ಟಿ ಮಣ್ಣು. ಚೆಲ್ಲಬಹುದು, ಆದರೆ ಎರೆ ಅದನ್ನು ಸುಮ್ನೆ ನುಂಗಿಬಿಡುತ್ತದೆ. ಮೊದಲು ಕೆಳಗಿನ ಮಣ್ಣಿನ ಗುಣ ಬದಲಾಗಬೇಕು. ಅದಕ್ಕೆ ನಾನು ಬಳಸುವುದು ಸುಟ್ಟ ಸುಣ್ಣದ ಪುಡಿ.

ಜೆಸಿಬಿಯಿಂದ ಎರಡೂ ಬದಿ ಚರಂಡಿ ತೆಗೆಸಿ ನಿಂತ ನೀರು ಹೊರಗೆ ಬಿಡುತ್ತೇನೆ. ಆಮೇಲೆ ಲೆಕ್ಕ. 100 ಮೀಟರ್ ಉದ್ದ, 3.5 ಮೀಟರ್ ಅಗಲ, 15 ಸೆಂ.ಮೀ. ದಪ್ಪಕ್ಕೆ ಒಣ ಮಣ್ಣಿನ ತೂಕ ಸುಮಾರು 80 ಟನ್. ಶೇ. 4ರಂತೆ 3.2 ಟನ್ ಸುಣ್ಣ. 25 ಕೆ.ಜಿ. ಚೀಲವಾದರೆ ದಾರಿಯುದ್ದಕ್ಕೂ ಸುಮಾರು 80 ಸೆಂ.ಮೀ.ಗೆ ಒಂದರಂತೆ ಇಟ್ಟು, ಒಡೆದು ಹರಡಿದರೆ ಆಯಿತು. ಪ್ರಮಾಣ ಎಷ್ಟೆಂದು ಆಯಾ ಮಣ್ಣನ್ನು ಲ್ಯಾಬಿನಲ್ಲಿ ನೋಡಿಸಿಯೇ ನಿರ್ಧರಿಸಬೇಕು.

ಈ ಸುಣ್ಣ ಮಣ್ಣಿನ ನೀರನ್ನೇ ಹೀರಿ ಕಾಯುತ್ತದೆ, ಹಬೆ ಏಳುತ್ತದೆ. ಕೆಸರು ಬೇಗ ಒಣಗೋದು ಇದರಿಂದಲೇ. ಅಪಾಯವೂ ಅಲ್ಲೇ ಇದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಮಾಸ್ಕ್, ಗ್ಲೌಸ್, ಗಂಬೂಟು ಇಲ್ಲದವರಿಗೆ ನಾನು ಚೀಲ ಮುಟ್ಟಲು ಬಿಡುವುದಿಲ್ಲ. ಗಾಳಿ ಜೋರಾದರೆ ಕೆಲಸ ಬಂದ್.

ಕಲೆಸಲು ರೈತರ ರೋಟಾವೇಟರ್ ಸಾಕು, ಆದರೆ ಮೇಲೆ ಮೇಲೆ ಓಡಿಸಿ ಮುಗಿಸುವ ಡ್ರೈವರ್‌ಗಳೇ ಜಾಸ್ತಿ. ಅದಕ್ಕೇ ಅಲ್ಲಲ್ಲಿ ಗುಂಡಿ ತೋಡಿ, ಅದರ ಗೋಡೆಗೆ ಫಿನಾಲ್ಫ್ತಲೀನ್ ಎಂಬ ಬಣ್ಣ ಬದಲಿಸುವ ದ್ರಾವಣ ಸಿಂಪಡಿಸುತ್ತೇನೆ. ಸುಣ್ಣ ತಲುಪಿದಲ್ಲಿ ಮಣ್ಣು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಳದಲ್ಲಿ ಕಪ್ಪು ಪಟ್ಟಿ ಉಳಿದಿದ್ದರೆ ಮತ್ತೆ ಹೊಡೆಸುತ್ತೇನೆ, ಡ್ರೈವರ್ ಎಷ್ಟೇ ಗೊಣಗಲಿ.

ಆಮೇಲೆ ಹಗುರಾಗಿ ಒತ್ತಿ ಒಂದು ರಾತ್ರಿ ಬಿಡಬೇಕು. ನಿನ್ನೆ ಬೂಟಿಗೆ ಮೆತ್ತಿಕೊಳ್ಳುತ್ತಿದ್ದ ಎರೆ ಬೆಳಗ್ಗೆ ಮುಷ್ಟಿಯಲ್ಲಿ ಹಿಸುಕಿದರೆ ಉಪ್ಪಿಟ್ಟಿನ ಹಾಗೆ ಉದುರುತ್ತದೆ. ಆಗ ಇನ್ನೊಮ್ಮೆ ಕಲೆಸಿ, ತೀರಾ ಒಣಗಿದ್ದರೆ ನೀರು ಚಿಮುಕಿಸಿ, ನಡುವೆ ಎತ್ತರ ಬಿಟ್ಟು ಅಂಚಿನಿಂದ ಮಧ್ಯಕ್ಕೆ ರೋಲರ್ ಹೊಡೆಸುವುದು. ಮೇಲೊಂದು ಪದರ ಗರಸು ಬೇಕೇ ಬೇಕು. ಸುಣ್ಣದ ಮಣ್ಣು ಭಾರ ಹೊರುತ್ತದೆ, ಚಕ್ರದ ಉಜ್ಜಾಟ ತಡೆಯುವುದಿಲ್ಲ.

ಒಂದು ವಾರ ಹಸಿಯಾಗಿಟ್ಟು ಬಿಟ್ಟರೆ ಒಳ್ಳೆಯದು. ಕಾರ್ಖಾನೆ ಕಾಯೋದಿಲ್ಲ, ಅಲ್ವಾ? ಆಗ ಊರವರ ಜತೆ ಕೂತು, ಆ ವಾರ ಒಂದೇ ಟ್ರ್ಯಾಲಿ ಜೋಡಿಸಲು ಒಪ್ಪಿಸುತ್ತೇನೆ. ರಸ್ತೆ ಕೆಲಸಕ್ಕಿಂತ ಇದೇ ಕಷ್ಟ.

ಕೆಂಪು ಮರಳುಮಣ್ಣಿಗೆ ಇದು ನಡೆಯುವುದಿಲ್ಲ. ಸುಣ್ಣಕ್ಕೆ ಜೇಡಿ ಬೇಕು. ಅಲ್ಲಿ ಸಿಮೆಂಟ್ ಕಲೆಸುತ್ತೇನೆ. ಸಿಮೆಂಟ್ ಆದರೆ ರಾತ್ರಿ ಬಿಡುವ ಮಾತಿಲ್ಲ, ಕಲೆಸಿದ ಎರಡು ಗಂಟೆಯೊಳಗೆ ರೋಲರ್ ಮುಗಿಸಬೇಕು.