ಹೆಳವರ ಹೊತ್ತಿಗೆಯಿಂದ ಹೊಳೆಸಾಲಿನ ಜನಸಂಖ್ಯೆ: ನನ್ನ ಅನುಭವ

ಮಲಪ್ರಭೆಯ ದಂಡೆಯಲ್ಲಿರುವ ನಮ್ಮೂರಿನ ಒಂದೂವರೆ ಶತಮಾನದ ಜನಸಂಖ್ಯೆಯನ್ನು ಊರೂರು ತಿರುಗಿ ಮನೆತನಗಳ ವಂಶಾವಳಿಯನ್ನು ಬರೆದಿಟ್ಟು ಓದಿ ಹೇಳುವ ಹೆಳವರ ಹೊತ್ತಿಗೆಗಳ ಆಧಾರದಿಂದ ಕಟ್ಟಬಹುದು ಎಂದು ನಾನು ಹೇಳಿದಾಗ, ಸ್ಥಳೀಯ ಚರಿತ್ರೆಯಲ್ಲಿ ನನಗಿಂತ ಹೆಚ್ಚು ಕೆಲಸ ಮಾಡಿದವರು ಯಾರೂ ಒಪ್ಪಿರಲಿಲ್ಲ. ಹೆಳವರು ಬರೆದಿಡುವುದು ಗಂಡುಮಕ್ಕಳ ಹೆಸರನ್ನು ಮಾತ್ರ, ಅದೂ ತಮಗೆ ಕಾಳು ಕೊಡುವ ಮನೆತನಗಳದ್ದನ್ನು ಮಾತ್ರ. ಅದರಿಂದ ವಂಶಾವಳಿ ಸಿಕ್ಕೀತೇ ಹೊರತು ತಲೆ ಎಣಿಕೆ ಸಿಗಲಾರದು ಎಂಬುದು ಅವರ ವಾದವಾಗಿತ್ತು. ಈಗ ನನ್ನ ಲೆಕ್ಕವು 1951 ಮತ್ತು 1961ರ ಗಣತಿಯ ಊರವಾರು ಸಂಖ್ಯೆಗಳಿಗೆ ನೂರಕ್ಕೆ ಆರೇಳರ ಅಂತರದೊಳಗೆ ಹೊಂದಿಕೊಂಡಿದೆ. ಅಂದು ಒಪ್ಪದಿದ್ದವರಲ್ಲಿ ಇಬ್ಬರು ತಮ್ಮ ಊರಿಗೂ ಇದೇ ಕ್ರಮ ಅನುಸರಿಸಲು ನನ್ನ ನಮೂನೆಯ ಹಾಳೆಗಳನ್ನು ಕೇಳಿ ಒಯ್ದಿದ್ದಾರೆ. ಮನೆತನಗಳ ಖಾಸಗಿ ವಿಷಯ ಇರುವುದರಿಂದ ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಬಾದಾಮಿ ತಾಲ್ಲೂಕಿನಲ್ಲಿ, ಚೊಳಚಗುಡ್ಡಕ್ಕೂ ಪಟ್ಟದಕಲ್ಲಿಗೂ ನಡುವಿನ ಹೊಳೆಸಾಲಿನಲ್ಲಿದೆ ಎಂದರೆ ಸಾಕು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ನಮ್ಮ ಸೀಮೆಯಲ್ಲಿ ಮರಳುಗಲ್ಲಿನ ಗುಡ್ಡಗಳ ಪಕ್ಕದಲ್ಲಿ ಹರಿಯುತ್ತದೆ. ಗುಡ್ಡದ ಮಗ್ಗುಲಲ್ಲಿ ಮಡ್ಡಿ ಎಂಬ ಕಲ್ಲುನೆಲ, ಅದರ ಕೆಳಗೆ ಮಸಾರಿ ಎಂಬ ಕೆಂಪು ನೆಲ, ಹೊಳೆಯ ಕಡೆಗೆ ಇಳಿದಂತೆ ಎರೆ ಎಂಬ ಕಪ್ಪು ನೆಲ. ಊರಿನ ಹಳೆಯ ನೆಲೆ ಎರೆಯ ಅಂಚಿನ ದಿನ್ನೆಯ ಮೇಲಿದೆ. ಜೋಳ, ಗೋಧಿ, ಕಡಲೆ ಮೊದಲಿನಿಂದಲೂ ಇದ್ದ ಬೆಳೆಗಳು. ಕಬ್ಬು ಮತ್ತು ಗೋವಿನಜೋಳ ಪಂಪ್‌ಸೆಟ್ಟುಗಳ ಜೊತೆಗೆ ಬಂದವು. ಈ ಸೀಮೆಯ ಚರಿತ್ರೆ ಎಂದು ಯಾವ ಬರಹವನ್ನು ತೆರೆದರೂ 543ರ ಬಾದಾಮಿ ಕೋಟೆಯ ಶಾಸನದಿಂದ ಆರಂಭವಾಗಿ, ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಗೆ ಬಂದು, ಎಂಟನೆಯ ಶತಮಾನದ ನಡುವಿನಲ್ಲಿ ಚಾಲುಕ್ಯರೊಂದಿಗೆ ಮುಗಿದುಬಿಡುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಈ ಹೊಲಗಳನ್ನು ಉತ್ತವರು ಯಾರು, ಎಲ್ಲಿಂದ ಬಂದರು, ಎಷ್ಟು ಮಂದಿ ಉಳಿದರು ಎಂಬ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು. ಗುಡಿಯ ಕಂಬಗಳಿಗೆ ಸಿಕ್ಕಷ್ಟು ಗಮನ ಈ ಜನರಿಗೂ ಸಿಗಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲು ಹಿಡಿದ ದಾರಿಗಳು ಒಂದೂ ಫಲಿಸಲಿಲ್ಲ. ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಊರವಾರು ಸಂಖ್ಯೆ ಸಿಗುವುದು 1951ರಿಂದ. ಅದಕ್ಕೂ ಹಿಂದಿನ ಕಾಲಕ್ಕೆ ನನ್ನ ಕೈಗೆ ಬಂದದ್ದು ತಾಲ್ಲೂಕು ಮತ್ತು ಜಿಲ್ಲೆಯ ಮೊತ್ತಗಳು ಮಾತ್ರ. ಜನನ ಮರಣದ ಹಳೆಯ ರಜಿಸ್ಟರುಗಳಿಗಾಗಿ ಒಂದು ಕಚೇರಿಗೆ ವರ್ಷದ ಮೇಲೆ ಅಲೆದು, ಕೊನೆಗೆ ಗೆದ್ದಲು ತಿಂದು ಉಳಿದ ಕೆಲವೇ ಹಾಳೆಗಳನ್ನು ನೋಡಿದೆ. ದೃಢೀಕೃತ ನಕಲು, ಓಡಾಟ, ಝೆರಾಕ್ಸು ಎಂದು ಈ ಹಂತದಲ್ಲಿಯೇ ಹದಿನೈದು ಸಾವಿರದ ಹತ್ತಿರ ಖರ್ಚಾಯಿತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಬರತೊಡಗುವುದೇ ಬಹಳ ತಡವಾಗಿ. ಗಂಡುಮಕ್ಕಳಲ್ಲಿಯೂ ದನ ಕಾಯಲು ಹೋದವರ ಹೆಸರು ಅಲ್ಲಿಲ್ಲ.

ಹೆಳವರ ಪರಂಪರೆಯನ್ನು ಇಲ್ಲಿ ವಿಸ್ತಾರವಾಗಿ ವಿವರಿಸುವುದಿಲ್ಲ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ, ಒಂದೊಂದು ಕುಟುಂಬಕ್ಕೆ ಇಂತಿಂಥ ಊರು ಎಂದು ಪಾಲು ಇರುತ್ತದೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದವರು ಈಗ ಮೋಟರ್ ಸೈಕಲ್ಲಿನಲ್ಲಿ ಬರುತ್ತಾರೆ. ನಮ್ಮೂರಿನ ಪಾಲು ಇದ್ದ ಹಿರಿಯರು ಮೊದಲ ವರ್ಷ ನನಗೆ ಹೊತ್ತಿಗೆಯನ್ನು ಮುಟ್ಟಲೂ ಕೊಡಲಿಲ್ಲ. "ಮಾಸ್ತರ, ಓದಿ ಹೇಳೂದು ನಮ್ಮ ಕಾಯಕ, ನೋಡೂದು ನಿಮ್ಮದಲ್ಲ" ಎಂದರು. ಅವರ ಮಾತು ನ್ಯಾಯವಾಗಿತ್ತು. ಮರುವರ್ಷ ನಾನು ಪ್ರತಿಯೊಂದು ಮನೆತನದ ಓದಿಗೂ ಪ್ರತ್ಯೇಕವಾಗಿ ಕಾಣಿಕೆ ಕೊಟ್ಟು, ಆಯಾ ಮನೆಯ ಪಡಸಾಲೆಯಲ್ಲಿಯೇ, ಮನೆಯವರ ಸಮಕ್ಷಮದಲ್ಲಿ ಅವರು ಓದಿದ್ದನ್ನು ಬರೆದುಕೊಂಡೆ. ಮನೆಯೊಂದಕ್ಕೆ ಮುನ್ನೂರರಿಂದ ಐದುನೂರು ರೂಪಾಯಿ, ದೊಡ್ಡ ಮನೆತನಕ್ಕೆ ಅದರ ಜೊತೆ ಒಂದು ಚೀಲ ಜೋಳ. ಹೊತ್ತಿಗೆಯ ಫೋಟೋ ತೆಗೆಯಲು ನಾನು ಎಂದೂ ಕೇಳಲಿಲ್ಲ. ನಂತರ ಅವರೇ ಹಳೆಯ ಹೊತ್ತಿಗೆಯನ್ನು ನನ್ನ ಮುಂದೆ ಬಿಚ್ಚಿದರು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮಾತ್ರ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದು ಅವರ ಮತ್ತು ನನ್ನ ನಡುವಿನ ವಿಶ್ವಾಸಕ್ಕೆ ಸೇರಿದ್ದು. ಹಳೆಯ ಹೊತ್ತಿಗೆಯ ಕೆಲವು ಭಾಗ ಮರಾಠಿಯ ಹಳೆಯ ಓಟದ ಬರವಣಿಗೆಯಾದ ಮೋಡಿ ಲಿಪಿಯಲ್ಲಿತ್ತು. ಮೋಡಿ ಬಲ್ಲವರೊಬ್ಬರಿಗೆ ಆರು ಸಾವಿರ ಕೊಟ್ಟು ಓದಿಸಿದಾಗ ಅದರಲ್ಲಿ ಹೆಚ್ಚಿನದು ಯಾರು ಎಷ್ಟು ದನ, ಎಷ್ಟು ಪಾತ್ರೆ ದಾನ ಕೊಟ್ಟರು ಎಂಬ ಲೆಕ್ಕವಾಗಿತ್ತು. ಜನಸಂಖ್ಯೆಗೆ ಅದರಿಂದ ನೇರ ಉಪಯೋಗವಾಗದಿದ್ದರೂ, ಯಾವ ಮನೆತನ ಯಾವ ಕಾಲದಲ್ಲಿ ಅನುಕೂಲವಾಗಿತ್ತು ಎಂಬುದು ತಿಳಿಯಿತು.

ಹೊತ್ತಿಗೆಯಲ್ಲಿ ಇಸವಿ ಇರುವುದಿಲ್ಲ. ಇದ್ದರೆ ಸಂವತ್ಸರದ ಹೆಸರು, ಇಲ್ಲವೇ ಬರದ ಹೆಸರು. "ಡೋಗಿ ಬರದಲ್ಲಿ ಬಂದವರು" ಎಂದರೆ 1791-92ರ ಕಾಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಧಾತು ಎಂದು ಬರೆದಿದ್ದರೆ ಅದು 1816 ಆಗಬಹುದು, 1876 ಆಗಬಹುದು, 1936ಕ್ಕೂ ಹೊಂದಬಹುದು. ತಲೆಮಾರಿಗೆ ಇಪ್ಪತ್ತೆಂಟು ವರ್ಷ ಹಿಡಿದು ಹಿಂದಕ್ಕೆ ಎಣಿಸಿದರೆ ಬಹುಪಾಲು ನಮೂದುಗಳು ತಮ್ಮ ಚಕ್ರದಲ್ಲಿ ಕೂಡುತ್ತವೆ. ಕೂಡದೆ ಉಳಿದವನ್ನು ಭೂದಾಖಲೆಗಳಿಂದ ಬಗೆಹರಿಸಿದೆ. ಮುಂಬಯಿ ಪ್ರಾಂತದಲ್ಲಿ 1903ರ ಕಾಯ್ದೆಯಿಂದ ಹೊಲಗಳ ಹಕ್ಕುದಾಖಲೆ ಬಂದ ಮೇಲೆ ಪ್ರತಿಯೊಂದು ವಾರಸಾ ನೋಂದಣಿಯೂ, ಅಂದರೆ ಸತ್ತವರ ಹೊಲ ವಾರಸುದಾರರ ಹೆಸರಿಗೆ ಏರಿದ ನಮೂದೂ, ಒಂದು ಸಾವಿನ ದಾಖಲೆಯೇ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ, ಅಂದರೆ ಕಾಳಯುಕ್ತಿ ಸಂವತ್ಸರದಲ್ಲಿ, ಊರಿನ ವಾರಸಾ ನಮೂದುಗಳು ಹಿಂದಿನ ವರ್ಷಗಳಿಗಿಂತ ನಾಲ್ಕು ಪಟ್ಟು ಏರಿದ್ದು ಕಂಡಾಗ, ಈ ಎರಡು ಸಾಕ್ಷ್ಯಗಳು ಒಂದನ್ನೊಂದು ಎತ್ತಿಹಿಡಿಯುತ್ತವೆ ಎಂಬ ಧೈರ್ಯ ಬಂತು.

ಲೆಕ್ಕದ ಕ್ರಮ ಸರಳವಾಗಿದೆ. ಆಯ್ದ ವರ್ಷದಲ್ಲಿ ಬದುಕಿದ್ದು ಮದುವೆಯಾಗಿ ಬೇರೆಯಾಗಿದ್ದ ಪ್ರತಿಯೊಬ್ಬನಿಗೂ ಒಂದು ಒಲೆ. ಒಲೆಗೆ ಎಷ್ಟು ಜನ ಎಂಬುದನ್ನು 1951ರ ಕೈಪಿಡಿಯ ಮನೆ ಮತ್ತು ಜನರ ಅನುಪಾತದಿಂದ, ಸುಮಾರು ಐದು ಎಂದು ಹಿಡಿದೆ. ಬೇರೆಯಾಗದೆ ಕೂಡಿದ್ದ ಮನೆಗಳಿಗೆ ಮತ್ತು ಮಕ್ಕಳಿಲ್ಲದೆ ಉಳಿದ ವಿಧವೆಯರ ಒಲೆಗಳಿಗೆ ಬೇರೆ ತಿದ್ದುಪಡಿ ಬೇಕು. ಅದನ್ನು ನಾನು ಹೇಗೆ ಮಾಡಿದೆ ಎಂಬುದು ಪುಸ್ತಕ ಬರುವವರೆಗೆ ಇರಲಿ. ಸೊಸೆಯಂದಿರ ವಿಷಯದಲ್ಲಿ ಟೀಕಾಕಾರರ ಮಾತು ನಿಜವಾಗಿತ್ತು. ಆದರೆ ಅವರ ತವರಿನ ಊರುಗಳ ಹೆಳವರ ಬಳಿ ಅವರನ್ನು ಯಾವ ಊರಿಗೆ ಕೊಟ್ಟರು ಎಂಬುದು ಹಲವೆಡೆ ಉಳಿದಿದೆ. ಹೊಳೆಯಾಚೆಯ ರೋಣ ತಾಲ್ಲೂಕಿನ ಊರುಗಳೂ ಸೇರಿ ಹತ್ತು ಹನ್ನೆರಡು ಊರು ತಿರುಗಿ ಅದನ್ನು ಕೂಡಿಸಿದೆ. ಆ ಒಂದು ವರ್ಷದ ಪೆಟ್ರೋಲಿನ ಖರ್ಚೇ ಎಂಟು ಸಾವಿರ ದಾಟಿತು.

ಹೆಳವರ ಪಾಲಿಗೆ ಬಾರದ ಮನೆಗಳ ಲೆಕ್ಕವೇ ಕಠಿಣವಾದ ಭಾಗ. ಅವರನ್ನು ಬಿಟ್ಟು ಊರಿನ ಚರಿತ್ರೆ ಬರೆಯುವುದು ಅನ್ಯಾಯ. ದಲಿತ ಕೇರಿಯ ಮನೆಗಳಿಗೆ ವತನದ ಹೊಲಗಳಿದ್ದವು, ಅಂದರೆ ಊರ ಚಾಕರಿಗಾಗಿ ವಂಶಪಾರಂಪರ್ಯವಾಗಿ ಬಿಟ್ಟುಕೊಟ್ಟ ಹೊಲಗಳು. 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯ ನಂತರ ಆ ಹೊಲಗಳ ಮರುಮಂಜೂರಾತಿಗಾಗಿ ಸಲ್ಲಿಸಿದ ಕಾಗದಗಳಲ್ಲಿ ಮೂರು ನಾಲ್ಕು ತಲೆಮಾರಿನ ವಂಶವೃಕ್ಷಗಳಿವೆ. ಅವುಗಳ ನಕಲುಗಳನ್ನು ಕೇರಿಯ ಹಿರಿಯರು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಸರಕಾರಿ ಕಚೇರಿಯಲ್ಲಿ ನನಗೆ ಸಿಗದ ಕಾಗದ ಅಲ್ಲಿ ಸಿಕ್ಕಿತು. ಮುಸಲ್ಮಾನರ ಮತ್ತು ಅಂಬಿಗರ ಮನೆಗಳನ್ನು ಹಕ್ಕು ಬದಲಾವಣೆಯ ನಮೂದುಗಳಿಂದ ಹಾಗೂ ಹಿರಿಯರ ಬಾಯಿಂದ ತುಂಬಿಸಿದೆ. ಈ ಭಾಗ 1900ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ.

ಇದರಿಂದ ಹೊರಬಿದ್ದ ಮುಖ್ಯ ಸಂಗತಿ 1876-78ರ ಬರಕ್ಕೆ ಸಂಬಂಧಿಸಿದ್ದು. ನಮ್ಮ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ ಎಂಟು ಲಕ್ಷದ ಮೇಲಿದ್ದದ್ದು 1881ರ ಹೊತ್ತಿಗೆ ಆರೂವರೆ ಲಕ್ಷದೊಳಗೆ ಇಳಿಯಿತು. ಐದರಲ್ಲಿ ಒಂದು ಪಾಲಿಗೂ ಹೆಚ್ಚು ನಷ್ಟ. ನಮ್ಮೂರಿನಲ್ಲಿ ಆರಿದ ಒಲೆಗಳು ನನ್ನ ಲೆಕ್ಕದಂತೆ ಎಂಟರಲ್ಲಿ ಒಂದರ ಆಸುಪಾಸು. ಹೊಳೆ ಒಣಗಿದರೂ ಮರಳಿನಲ್ಲಿ ಒರತೆ ತೋಡಿದರೆ ಕುಡಿಯಲು ನೀರಿತ್ತು ಎಂದು ಹಿರಿಯರು ಹೇಳುತ್ತಾರೆ, ಅದೇ ಕಾರಣವಿರಬೇಕು. ಇನ್ನೂ ಮಹತ್ವದ ಮಾತೆಂದರೆ, ಬರದ ನಂತರದ ಹದಿನೈದು ವರ್ಷಗಳಲ್ಲಿ ಮಡ್ಡಿ ಸೀಮೆಯ ಊರುಗಳಿಂದ ಹನ್ನೆರಡು ಹದಿಮೂರು ಹೊಸ ಮನೆತನಗಳು ಬಂದು ಸೇರಿದವು, ಮತ್ತು ಪ್ರತಿಯೊಂದರ ಮೂಲ ಊರೂ ಹೊತ್ತಿಗೆಯಲ್ಲಿದೆ. ತಾವು ಇಲ್ಲಿಯ ಮೂಲನಿವಾಸಿಗಳೆಂದು ನಂಬಿದ್ದ ಎರಡು ದೊಡ್ಡ ಮನೆತನಗಳೂ ಅವುಗಳಲ್ಲಿ ಸೇರಿವೆ. ಅಂಥ ಒಂದು ಮೂಲ ಊರು ಈಗ ಭೂದಾಖಲೆಯಲ್ಲಿ ಬೇಚಿರಾಕ್ ಗ್ರಾಮವಾಗಿ, ಅಂದರೆ ಜನವಸತಿ ಇಲ್ಲದ ಊರಾಗಿ ಮಾತ್ರ ಉಳಿದಿದೆ. ಹೋಗಿ ನೋಡಿದರೆ ಒಂದು ಹನುಮಪ್ಪನ ಕಟ್ಟೆ ಮತ್ತು ಬೋಕಿ ಚೂರುಗಳಿವೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಗೌಂಡಿಯೊಬ್ಬರ ನೀರಿನ ಲೆವೆಲ್ ಪೈಪನ್ನು ದಿನಗೂಲಿ ಕೊಟ್ಟು ತರಿಸಿ, 2009 ಮತ್ತು 2019ರ ಪ್ರವಾಹದ ಗುರುತುಗಳಿಂದ ಹಳೆಯ ಮನೆಗಳ ಹೊಸ್ತಿಲಿನವರೆಗೆ ಎತ್ತರವನ್ನು ಅಳೆದೆವು. ಹೊತ್ತಿಗೆಯ ಪ್ರಕಾರ ಬರಕ್ಕೂ ಮೊದಲೇ ಇದ್ದ ಮನೆತನಗಳ ಹಳೆಯ ಮನೆಗಳಲ್ಲಿ ಹೆಚ್ಚಿನವು ದಿನ್ನೆಯ ನೆತ್ತಿಯಲ್ಲಿವೆ, 2019ರಲ್ಲಿಯೂ ಅಲ್ಲಿಗೆ ನೀರು ಹೋಗಲಿಲ್ಲ; ನಂತರ ಬಂದವರಿಗೆ ಸಿಕ್ಕಿದ್ದು ಕೆಳಗಿನ ಸಾಲು. 1970ರ ದಶಕದಲ್ಲಿ ಮೇಲೆ ನವಿಲುತೀರ್ಥದಲ್ಲಿ ಅಣೆಕಟ್ಟಾದ ಮೇಲೆ ಹೊಳೆ ವರ್ಷದ ಬಹುಕಾಲ ಬತ್ತಿರುತ್ತದೆ. ಪಾತ್ರವನ್ನು ಒತ್ತುವರಿ ಮತ್ತು ಜಾಲಿ ಕಂಟಿ ಕಿರಿದು ಮಾಡಿರುವುದರಿಂದ, ನೀರು ಬಿಟ್ಟಾಗ ಅದು ನೇರವಾಗಿ ಆ ಕೆಳಗಿನ ಸಾಲಿಗೇ ನುಗ್ಗುತ್ತದೆ. 2009ರ ನಂತರ ನೆರೆ ಸಂತ್ರಸ್ತರಿಗೆ ಮನೆ ಕಟ್ಟಿಕೊಟ್ಟ ಆಸರೆ ಯೋಜನೆಯಲ್ಲಿ ಮೇಲಿನ ಮಸಾರಿಯಲ್ಲಿ ಮನೆ ಪಡೆದವರೂ ಬಹುತೇಕ ಅದೇ ಸಾಲಿನವರು. ಈ ಸಂಬಂಧವನ್ನು ನಾನು ಹುಡುಕಿ ಹೊರಟಿರಲಿಲ್ಲ, ಆದರೆ ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದೇ.

2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋದದ್ದರಿಂದ ಈಗಿನ ಎಣಿಕೆಯನ್ನು ಮನೆಮನೆಗೆ ಹೋಗಿ ನಾನೇ ಮಾಡಿದೆ. ದೀಪಾವಳಿಯಲ್ಲಿ ಎಣಿಸಿದರೆ ಎರಡು ಸಾವಿರದ ಹತ್ತಿರ, ಬೇಸಿಗೆಯಲ್ಲಿ ಎಣಿಸಿದರೆ ಅದರ ಮುಕ್ಕಾಲು ಪಾಲು. ಉಳಿದವರು ಗೋವಾ, ಮಂಗಳೂರು ಕಡೆಗೆ ಗುಳೆ ಹೋಗಿರುತ್ತಾರೆ. ಎರಡೂ ಸಂಖ್ಯೆಗಳನ್ನು ಕೊಡುತ್ತಿದ್ದೇನೆ. ಇದೇ ಕೆಲಸಕ್ಕೆ ಇಳಿಯುವವರು ತಿಂಗಳನ್ನು ಬರೆಯದೆ ಸಂಖ್ಯೆಯನ್ನು ಬರೆಯಬಾರದು.

ಒಟ್ಟು ಖರ್ಚು ಐವತ್ತು ಸಾವಿರದ ಸಮೀಪ ಆಗಿದೆ. ಎಲ್ಲವೂ ಪಿಂಚಣಿಯ ಹಣ. ಗದಗಿನ ಮುದ್ರಣಾಲಯವೊಂದು ಮುನ್ನೂರು ಪ್ರತಿಗೆ ನಲವತ್ತು ಸಾವಿರ ಕೇಳಿದೆ, ಅದರಲ್ಲಿ ಅರ್ಧವನ್ನು ಊರವರು ಪಟ್ಟಿ ಹಾಕಿ ಕೊಡಲು ಒಪ್ಪಿದ್ದಾರೆ. ಮೂಲ ಊರುಗಳ ಅಧ್ಯಾಯವನ್ನು ತೆಗೆಯಬೇಕೆಂದು ಒಂದು ಮನೆತನದವರು ಕೇಳಿಕೊಂಡರು. ಅವರ ಹೆಸರನ್ನು ತೆಗೆದಿದ್ದೇನೆ, ಅಧ್ಯಾಯವನ್ನು ತೆಗೆದಿಲ್ಲ. ಮುಂದಿನ ಸುಗ್ಗಿಗೆ ಹೆಳವರು ಬಂದಾಗ ಹೊಳೆಯಾಚೆಯ ಊರಿನ ಓದನ್ನು ಆರಂಭಿಸುವುದಾಗಿ ಅವರೊಂದಿಗೆ ಮಾತಾಗಿದೆ.