ಮೂವತ್ತೊಂಬತ್ತಕ್ಕೆ ವಿಧಿವಿಜ್ಞಾನ: ಅರ್ಜಿ ಹಾಕಿದ ನನ್ನ ಅನುಭವ

ಮೊದಲು ಕೆಲಸದ ಅಧಿಸೂಚನೆ ಓದಿ, ಕೋರ್ಸಿನದು ಆಮೇಲೆ. ಸಂಸಾರವೂ ಸಂಬಳವೂ ಬೆನ್ನಿಗಿರುವಾಗ ವಿಧಿವಿಜ್ಞಾನದಲ್ಲಿ (ಫೊರೆನ್ಸಿಕ್ ಸೈನ್ಸ್) ಎಂಎಸ್ಸಿ ಓದಲು ಹೊರಟವರು ಕೇಳಿದರೆ ನಾನು ಹೇಳುವ ಮೊದಲ ಮಾತು ಇದು. ಇಪ್ಪತ್ತೆರಡರ ಹುಡುಗರು ಕೋರ್ಸಿಗೆ ಸೇರಿಬಿಟ್ಟು, ಕೆಲಸ ಎಲ್ಲಿ ಅಂತ ಆಮೇಲೆ ಹುಡುಕಬಹುದು. ನಮಗೆ ಆ ಲೆಕ್ಕ ಹೊಂದುವುದಿಲ್ಲ.

ನಮ್ಮ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಸಾಮಾನ್ಯವಾಗಿ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40. ಆಗೀಗ ಸರ್ಕಾರ ಒಂದು ಸಲದ ಮಟ್ಟಿಗೆ ಸಡಿಲಿಕೆ ಕೊಡುವುದುಂಟು. ಅದನ್ನೇ ನೆಚ್ಚಿಕೊಂಡು ಎರಡು ವರ್ಷದ ಓದಿಗೆ ಕೂರಲಾಗುತ್ತದೆಯೇ? ನಾನು 3ಬಿ, ಅರ್ಜಿ ಹಾಕುವಾಗ ವಯಸ್ಸು 39. ಅಂದರೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್ ಆಗಲಿ, ಜಿಲ್ಲೆಗಳಲ್ಲಿರುವ ಪ್ರಾದೇಶಿಕ ಎಫ್‌ಎಸ್‌ಎಲ್‌ಗಳಾಗಲಿ, ಅಪರಾಧ ನಡೆದ ಜಾಗಕ್ಕೆ ಹೋಗುವ 'ಸೋಕೋ' ಅಧಿಕಾರಿಗಳ ಹುದ್ದೆಯಾಗಲಿ, ನೇರ ನೇಮಕಾತಿಯಲ್ಲಿ ನನಗೆ ಸಿಗುವಂಥವಲ್ಲ. ಇದು ಗೊತ್ತಾದ ಮೇಲೂ ಅರ್ಜಿ ಹಾಕಿದೆ. ಗೊತ್ತಿಲ್ಲದೆ ಹಾಕಿದ್ದರೆ ಬೇರೆಯೇ ಕೋರ್ಸು ಆರಿಸಿಕೊಳ್ಳುತ್ತಿದ್ದೆ.

ಉಳಿದ ದಾರಿಗಳು ಯಾವುವು? ಒಂದು, ಪಾಠ ಮಾಡುವುದು. ಯುಜಿಸಿ ನೆಟ್ ಪರೀಕ್ಷೆಯಲ್ಲಿ ವಿಧಿವಿಜ್ಞಾನ ಒಂದು ಪ್ರತ್ಯೇಕ ವಿಷಯ. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಅಲ್ಲಿ ಗರಿಷ್ಠ ವಯಸ್ಸಿಲ್ಲ, ವಯೋಮಿತಿ ಇರುವುದು ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್‌ಗೆ ಮಾತ್ರ. ಇನ್ನೊಂದು, ಖಾಸಗಿ ಕೆಲಸ: ಸಹಿ, ಕೈಬರಹ ನೋಡಿ ವರದಿ ಕೊಡುವವರು, ವಿಮೆ ಕಂಪನಿಗಳ ತನಿಖೆ, ಡಿಎನ್‌ಎ ಪರೀಕ್ಷೆಯ ಲ್ಯಾಬುಗಳು. ಮೂರನೆಯದು ನಾನಿದ್ದ ಜಾಗವೇ, ಆಸ್ಪತ್ರೆಯ ಲ್ಯಾಬು. ಆಸ್ಪತ್ರೆಗಳಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿನ) ಮಾದರಿಗಳನ್ನು ತೆಗೆಯುವುದು, ಕಟ್ಟುವುದು, ಕಳಿಸುವುದು ಸರಿಯಾಗಿ ಗೊತ್ತಿರುವವರು ಎಲ್ಲೆಡೆ ಕಡಿಮೆ.

2024ರ ಜುಲೈ 1ರಿಂದ ಅಪರಾಧಗಳ ತನಿಖೆ, ವಿಚಾರಣೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ 176(3)ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಆ ಪ್ರಕ್ರಿಯೆಯ ವಿಡಿಯೊ ಆಗಬೇಕು. ರಾಜ್ಯಗಳು ಇದನ್ನು ಜಾರಿಗೆ ತರಲು ಐದು ವರ್ಷದವರೆಗೆ ಸಮಯ ತೆಗೆದುಕೊಳ್ಳಬಹುದು. ಇಷ್ಟು ಜನ ತಜ್ಞರು ಬೇಕು ಅಂದಮೇಲೆ ಅವರಿಗೆ ಕಲಿಸುವವರೂ ಬೇಕಲ್ಲ. ನನ್ನ ಲೆಕ್ಕ ನಿಂತಿದ್ದು ಇದರ ಮೇಲೆ.

ನನ್ನದು ಸಿಬಿಝಡ್‌ನಲ್ಲಿ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಬಿಎಸ್ಸಿ, ಆಮೇಲೆ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ ಡಿಎಂಎಲ್‌ಟಿ. ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಕುಡಿದು ಗಾಡಿ ಓಡಿಸಿದ ಕೇಸೆಂದು ಪೊಲೀಸರು ಕರೆತಂದವನ ರಕ್ತ ತೆಗೆಯುವಾಗ ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವಂತಿಲ್ಲ. ಸ್ಪಿರಿಟ್ಟೇ ಆಲ್ಕೋಹಾಲ್, ನಾಳೆ ವಕೀಲರು ಅದನ್ನೇ ಹಿಡಿಯುತ್ತಾರೆ. ರಕ್ತ ಹೋಗಬೇಕಾದದ್ದು ಬೂದು ಮುಚ್ಚಳದ ಟ್ಯೂಬಿಗೆ. ಅದರೊಳಗಿನ ಸೋಡಿಯಂ ಫ್ಲೋರೈಡು ಸೂಕ್ಷ್ಮಜೀವಿಗಳನ್ನು ತಡೆದು ಟ್ಯೂಬಿನಲ್ಲೇ ಹೊಸ ಆಲ್ಕೋಹಾಲ್ ಹುಟ್ಟದಂತೆ ನೋಡಿಕೊಳ್ಳುತ್ತದೆ, ಪೊಟ್ಯಾಸಿಯಂ ಆಕ್ಸಲೇಟು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆಮೇಲೆ ಲೇಬಲ್ಲು, ಅರಗಿನ ಸೀಲು, ಮಾದರಿ ಮುದ್ರೆ, ರಿಜಿಸ್ಟರಿನಲ್ಲಿ ಕಾನ್‌ಸ್ಟೆಬಲ್ಲರ ಸಹಿ. ಡಬ್ಬಿ ಎಫ್‌ಎಸ್‌ಎಲ್‌ಗೆ ಹೋಗುತ್ತದೆ. ವರದಿ ಬಂದರೂ ಅದು ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಆ ಡಬ್ಬಿ ಅಲ್ಲಿ ಯಾವ ಯಂತ್ರದೊಳಗೆ ಹೋಗುತ್ತದೆ, ಅಂಕಿ ಹೇಗೆ ಹೊರಬರುತ್ತದೆ, ಅದನ್ನು ಕೋರ್ಟಿನಲ್ಲಿ ಹೇಗೆ ಸಮರ್ಥಿಸುತ್ತಾರೆ ಎಂಬ ಕುತೂಹಲ ವರ್ಷಗಟ್ಟಲೆ ನನ್ನೊಳಗೆ ಕೂತಿತ್ತು.

ಮನೆಯಲ್ಲಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಹೆಣಾ ಕೊಯ್ಯೂದು ಕಲ್ಯಾಕ ಹೊಂಟೀ ಏನವಾ?" ಅತ್ತೆಯೊಬ್ಬರೇ ಅಲ್ಲ, ಓದಿದವರೂ ಹೀಗೇ ಕೇಳುತ್ತಾರೆ. ಮರಣೋತ್ತರ ಪರೀಕ್ಷೆ ಮಾಡುವುದು ಫೊರೆನ್ಸಿಕ್ ಮೆಡಿಸಿನ್, ಎಂಬಿಬಿಎಸ್ ಆದ ಡಾಕ್ಟರರ ಕೆಲಸ. ಅವರು ತೆಗೆದು ಸಂತೃಪ್ತ ಉಪ್ಪಿನ ದ್ರಾವಣದಲ್ಲಿಟ್ಟು ಕಳಿಸಿದ ಹೊಟ್ಟೆ, ಯಕೃತ್ತಿನ ತುಂಡಿನಲ್ಲಿ ಕೀಟನಾಶಕ ಇದೆಯೋ ಇಲ್ಲವೋ ನೋಡುವುದು ವಿಧಿವಿಜ್ಞಾನ. ಅರ್ಜಿ ಹಾಕುವ ಮೊದಲು ಇವೆರಡರ ನಡುವಿನ ಗೆರೆ ತಲೆಯಲ್ಲಿ ಸ್ಪಷ್ಟವಾಗಿರಬೇಕು.

ಈಗ ಕೋರ್ಸಿನ ವಿಚಾರ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಮೊದಲು ಗುಜರಾತ್ ರಾಜ್ಯದ ವಿಶ್ವವಿದ್ಯಾಲಯವಾಗಿತ್ತು, 2020ರ ಕಾಯ್ದೆಯಿಂದ ರಾಷ್ಟ್ರೀಯವಾಯಿತು. ಅದರ ಪ್ರವೇಶ ಪರೀಕ್ಷೆಗೆ ಎನ್‌ಎಫ್‌ಎಟಿ ಅನ್ನುತ್ತಾರೆ. ಧಾರವಾಡದ ಅದರ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಎರಡೂ ಸೇರಿದ ವಿಭಾಗವಿದೆ. ಮಂಗಳೂರಿನ ರೋಶನಿ ನಿಲಯ ಕಾಲೇಜಿನಲ್ಲೂ ಈ ಜೋಡಿ ಇದೆ. ಹೊರರಾಜ್ಯ ಆದೀತು ಅನ್ನುವವರಿಗೆ ಮಧ್ಯಪ್ರದೇಶದ ಸಾಗರ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಗಳಿವೆ. ಖಾಸಗಿ ವಿಶ್ವವಿದ್ಯಾಲಯಗಳಂತೂ ಬೇಕಾದಷ್ಟು.

ಹೆಸರು ನೋಡಿ ಮರುಳಾಗದೆ ಪಠ್ಯಕ್ರಮದ ಪಿಡಿಎಫ್ ಇಳಿಸಿಕೊಂಡು ಪ್ರಾಕ್ಟಿಕಲ್ ಪೇಪರುಗಳನ್ನು ಎಣಿಸಿ. ಅಪರಾಧಶಾಸ್ತ್ರ ಜೊತೆಗಿರುವ ಕಡೆ ಜೈಲು ಸುಧಾರಣೆ, ಬಾಲಾಪರಾಧ, ಸಮಾಜಶಾಸ್ತ್ರದ ಪೇಪರುಗಳು ಸೇರಿರುತ್ತವೆ. ಪೊಲೀಸ್ ಇಲಾಖೆಯ ಕಡೆ ಮುಖ ಮಾಡಿದವರಿಗೆ ಅದು ಒಳ್ಳೆಯದೇ, ಲ್ಯಾಬಿನ ಆಸೆ ಇರುವವರಿಗೆ ಸಾಲದು. ಯಂತ್ರಗಳನ್ನು ಕಣ್ಣಾರೆ ನೋಡಬೇಕು ಅಂತ ನಾನು ಹೋಗಿ ಕೇಳಿದೆ. ಒಂದು ಕಡೆ ಲ್ಯಾಬ್ ಸಹಾಯಕರೇ ಕರೆದುಕೊಂಡು ಹೋಗಿ ಮಾದರಿಯಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸುವ ಯಂತ್ರ, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ತೋರಿಸಿದರು. ಇನ್ನೊಂದು ಕಡೆ ಪ್ರವೇಶ ವಿಭಾಗದವರು ಬಣ್ಣದ ಕೈಪಿಡಿ ಕೊಟ್ಟು, ಲ್ಯಾಬ್ ಅಡ್ಮಿಷನ್ ಆದಮೇಲೆ ನೋಡಬಹುದು ಅಂದರು. ಅಲ್ಲಿಗೆ ನಾನು ಅರ್ಜಿ ಹಾಕಲಿಲ್ಲ. ವಾರಾಂತ್ಯದ ಆನ್‌ಲೈನ್ ತರಗತಿಯಲ್ಲಿ 'ಫೊರೆನ್ಸಿಕ್ ಎಕ್ಸ್‌ಪರ್ಟ್' ಮಾಡುತ್ತೇವೆ ಅನ್ನುವ ಜಾಹೀರಾತುಗಳೂ ಫೋನಿಗೆ ಬರುತ್ತಿದ್ದವು. ಆ ಸರ್ಟಿಫಿಕೇಟು ಹಿಡಿದು ನೆಟ್ ಬರೆಯಲಾಗದು, ಅಷ್ಟು ಸಾಕು.

ಇನ್ನೊಂದು ಮಾತು ವಯಸ್ಸು ಕಡಿಮೆ ಇರುವವರಿಗೆ. ಎಫ್‌ಎಸ್‌ಎಲ್‌ಗಳ ನೇಮಕಾತಿ ನಿಯಮಗಳಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ, ಪ್ರಾಣಿಶಾಸ್ತ್ರದಂಥ ಮೂಲ ವಿಜ್ಞಾನದ ಎಂಎಸ್ಸಿಗೂ ಅವಕಾಶ ಇರುತ್ತದೆ. ಸರ್ಕಾರಿ ಲ್ಯಾಬೇ ಗುರಿಯಾಗಿದ್ದರೆ ರಸಾಯನಶಾಸ್ತ್ರ ಎಂಎಸ್ಸಿ ಮಾಡಿದರೂ ನಷ್ಟವಿಲ್ಲ.

ನಾನು ಕೇಂದ್ರದ ಪ್ರವೇಶ ಪರೀಕ್ಷೆಗೂ ಅರ್ಜಿ ಹಾಕಿದೆ, ರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೂ ಹಾಕಿದೆ. ಪರೀಕ್ಷೆಗಿಂತ ಹೆಚ್ಚು ಬೆವರಿಳಿಸಿದ್ದು ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಗಂಡನ ಮನೆತನದ ಅಡ್ಡಹೆಸರು, ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಬಿಡಿಸಿ ಬರೆದ ಪೂರ್ತಿ ಹೆಸರು. ಕಾಗದದ ಪ್ರಕಾರ ನಾವು ಮೂರು ಜನ. ಈ ಮೂವರೂ ಒಬ್ಬಳೇ ಅಂತ ಇ-ಸ್ಟಾಂಪ್ ಕಾಗದದ ಮೇಲೆ ನೋಟರಿಯಿಂದ ಅಫಿಡವಿಟ್ ಮಾಡಿಸಿದೆ. ಕೋರ್ಟಿನ ಮುಂದೆ ಕೂರುವ ಟೈಪಿಸ್ಟರಿಗೆ 'ಒನ್ ಅಂಡ್ ಸೇಮ್' ಅಂದರೆ ಸಾಕು, ಒಕ್ಕಣೆ ಅವರ ಬಾಯಲ್ಲೇ ಇರುತ್ತದೆ. ಅದೇ ಕೂತಲ್ಲಿ ಗ್ಯಾಪ್ ಅಫಿಡವಿಟ್ಟೂ ಮಾಡಿಸಿಕೊಳ್ಳಿ. ಡಿಗ್ರಿ ಮುಗಿಸಿದ ಮೇಲೆ ಇಷ್ಟು ವರ್ಷ ಏನು ಮಾಡಿದಿರಿ ಅಂತ ಕೇಳೇ ಕೇಳುತ್ತಾರೆ, ಕೆಲಸದ ಅನುಭವ ಪತ್ರ ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಹಳೆಯ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಹಳೆಯ ರಿಜಿಸ್ಟರ್ ನಂಬರು ಕೈಯಲ್ಲಿಲ್ಲದೆ ಅದಕ್ಕಾಗಿ ಅಲ್ಲಿಗೆ ಹೋಗಬೇಡಿ.

ಅಂಕದ ಲೆಕ್ಕ ಇನ್ನೊಂದು ತಲೆನೋವು. ನಮ್ಮ ಕಾಲದ ಬಿಎಸ್ಸಿಯಲ್ಲಿ ಭಾಷೆಗಳ ಅಂಕ ಬೇರೆ, ಐಚ್ಛಿಕ ವಿಷಯಗಳದು ಬೇರೆ. ಆನ್‌ಲೈನ್ ಅರ್ಜಿಯಲ್ಲಿ ಶೇಕಡಾವಾರು ಬರೆಯಲು ಇರುವುದು ಒಂದೇ ಚೌಕ. ಕೆಲವರು ಐಚ್ಛಿಕ ಮಾತ್ರ ನೋಡುತ್ತಾರೆ, ಕೆಲವರು ಎಲ್ಲ ಸೇರಿಸಿ ನೋಡುತ್ತಾರೆ. ಫೋನಿನಲ್ಲಿ ಬಂದ ಉತ್ತರ ನಂಬದೆ ಇಮೇಲ್ ಬರೆದು ಕೇಳಿ, ಆ ಉತ್ತರವನ್ನು ಪ್ರಿಂಟು ಹಾಕಿ ಫೈಲಿಗೆ ಸೇರಿಸಿದೆ. ದಾಖಲೆ ಪರಿಶೀಲನೆಯ ದಿನ ಅದೇ ಹಾಳೆ ಕೆಲಸಕ್ಕೆ ಬಂತು.

ಮೀಸಲಾತಿಯ ಮಾತು ಬಿಡಿಸಿ ಹೇಳಬೇಕು, ಬಹಳ ಜನ ಕೊನೆಯ ವಾರದಲ್ಲಿ ಸಿಕ್ಕಿಬೀಳುವುದು ಇಲ್ಲೇ. ರಾಜ್ಯದ ವಿಶ್ವವಿದ್ಯಾಲಯಕ್ಕೆ ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಅದರ ಆರ್‌ಡಿ ನಂಬರು ಸಾಕು. ಕೇಂದ್ರದ ಸಂಸ್ಥೆಗೆ 2ಎ, 3ಬಿ ಎಂಬ ಲೆಕ್ಕವೇ ಇಲ್ಲ. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿರಬೇಕು, ಕೆನೆಪದರಕ್ಕೆ ಸೇರಿಲ್ಲ ಅಂತ ಬರೆದಿರಬೇಕು. ನಾಡಕಚೇರಿಯ ಆಪರೇಟರ್ ಹುಡುಗ ಕಂಪ್ಯೂಟರ್ ನೋಡಿ, "ಅಕ್ಕಾರ, ನಿಮ್ದು ಸೆಂಟ್ರಲ್ ಲಿಸ್ಟಿನ್ಯಾಗ ಬರೂದಿಲ್ರೀ" ಅಂದ. ಹಾಗಾಗಿ ರಾಜ್ಯದಲ್ಲಿ 3ಬಿ ಆದ ನಾನು ಕೇಂದ್ರದ ಅರ್ಜಿಯಲ್ಲಿ ಸಾಮಾನ್ಯ ವರ್ಗ. ಶುಲ್ಕವೂ ಕಟ್‌ಆಫೂ ಅದರಂತೆಯೇ.

ಓದಿನ ವಿಷಯಕ್ಕೆ ಬಂದರೆ, ಜೀವಶಾಸ್ತ್ರ, ರಸಾಯನಶಾಸ್ತ್ರ ಸ್ವಲ್ಪ ಧೂಳು ಕೊಡವಿದರೆ ಸಾಕಾಗಿತ್ತು. ರಕ್ತದ ಗುಂಪು, ಪಿಸಿಆರ್, ಕಲರಿಮೀಟರು ದಿನಾ ಕೈಗೆ ಸಿಗುವಂಥವು. ದ್ರಾವಣ ಎಷ್ಟು ಬೆಳಕು ಹೀರಿತು ಅನ್ನುವುದರಿಂದ ಅದರಲ್ಲಿರುವ ವಸ್ತುವಿನ ಪ್ರಮಾಣ ಹೇಳುವ ಬಿಯರ್-ಲ್ಯಾಂಬರ್ಟ್ ನಿಯಮ ಪುಸ್ತಕದಲ್ಲಿ ಬಂದಾಗ, ನಾನು ಬೆಳಗಿನಿಂದ ಸಂಜೆವರೆಗೆ ಶುಗರ್ ಟೆಸ್ಟಿನಲ್ಲಿ ಮಾಡುತ್ತಿದ್ದುದು ಇದೇ ಅಲ್ಲವಾ ಅನ್ನಿಸಿ ನಗು ಬಂತು. ಕಷ್ಟವಾಗಿದ್ದು ಭೌತಶಾಸ್ತ್ರ. ಸಿಬಿಝಡ್‌ನವರಿಗೆ ಪಿಯುಸಿ ಆದಮೇಲೆ ಅದರ ಮುಖವೇ ಕಾಣುವುದಿಲ್ಲ. ಒಡೆದ ಗಾಜಿನ ಚೂರು ಯಾವ ಕಾರಿನದು ಅಂತ ಹೇಳಲು ವಕ್ರೀಭವನ ಸೂಚ್ಯಂಕ ಬೇಕು, ಗುಂಡು ಹಾರಿದ ಲೆಕ್ಕಕ್ಕೆ ಚಲನೆಯ ಸಮೀಕರಣ ಬೇಕು. ಮಗಳು ಆಗ ಪಿಯುಸಿ ವಿಜ್ಞಾನದಲ್ಲಿದ್ದಳು. ನಮ್ಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಇರುವುದರಿಂದ ಪ್ರವೇಶ ಪರೀಕ್ಷೆಗೆ ಬೇರೆ ಪುಸ್ತಕ ಕೊಳ್ಳಲಿಲ್ಲ. ಬೆಳಕಿನ ಅಧ್ಯಾಯ ಅವಳೇ ಹೇಳಿಕೊಟ್ಟಳು. ಹೇಳಿಕೊಡುವಾಗ ಅವಳ ದನಿ ಥೇಟ್ ಅವಳ ಲೆಕ್ಚರರ್ ದನಿ. "ಅವ್ವಾ, ಫಾರ್ಮುಲಾ ಬಾಯಿಪಾಠ ಮಾಡಬ್ಯಾಡ, ಚಿತ್ರಾ ತಗಿ" ಅನ್ನುವುದು.

ಇತಿಹಾಸದ ಪ್ರಶ್ನೆಗಳಿಗೆಂದು ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೆ. 1897ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಬೆರಳಚ್ಚು ಬ್ಯೂರೋ, ಬ್ರಿಟಿಷ್ ಪೊಲೀಸ್ ಅಧಿಕಾರಿ ಹೆನ್ರಿಯ ಹೆಸರಿನಲ್ಲಿರುವ ಬೆರಳಚ್ಚು ವರ್ಗೀಕರಣದ ಹಿಂದೆ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, 1984ರಲ್ಲಿ ಲೆಸ್ಟರ್‌ನಲ್ಲಿ ಡಿಎನ್‌ಎ ಬೆರಳಚ್ಚು ಕಂಡುಹಿಡಿದ ಅಲೆಕ್ ಜೆಫ್ರೀಸ್, ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಅದನ್ನು ನಮ್ಮ ದೇಶಕ್ಕೆ ತಂದ ಲಾಲ್‌ಜಿ ಸಿಂಗ್. ಅಂಕಕ್ಕೆಂದು ಬರೆದುಕೊಂಡದ್ದು, ಓದುತ್ತ ಓದುತ್ತ ಹಕ್ ಮತ್ತು ಬೋಸ್ ಬಗ್ಗೆ ಸಿಟ್ಟೇ ಬಂತು. ಗಣಿತ ಅವರದು, ಹೆಸರು ಸಾಹೇಬರದು.

ಕೇಂದ್ರದ ಪಟ್ಟಿಯಲ್ಲಿ ನನ್ನ ರ‍್ಯಾಂಕಿಗೆ ಹತ್ತಿರದ ಕ್ಯಾಂಪಸ್ ಸಿಗಲಿಲ್ಲ. ದೂರದ್ದು ಮನೆಗೆ ಒಗ್ಗುವಂತಿರಲಿಲ್ಲ. ಸೇರಿದ್ದು ರಾಜ್ಯದ ವಿಶ್ವವಿದ್ಯಾಲಯಕ್ಕೆ. ಹೆಸರು ಬೇಡ, ಇನ್ನೂ ಅದೇ ಕಟ್ಟಡದಲ್ಲಿ ಪರೀಕ್ಷೆ ಬರೆಯಬೇಕಿದೆ. ಅಲ್ಲಿ ಸಂದರ್ಶನವೂ ಇತ್ತು. ವಿಷದ ಕೇಸಿನಲ್ಲಿ ಒಳಾಂಗಗಳನ್ನು ಫಾರ್ಮಲಿನ್‌ನಲ್ಲಿ ಯಾಕೆ ಇಡುವುದಿಲ್ಲ ಅಂತ ಕೇಳಿದರು. ಫಾರ್ಮಲಿನ್ ಅಂಗಾಂಶವನ್ನು ಗಟ್ಟಿ ಮಾಡುತ್ತದೆ, ಆಮೇಲೆ ವಿಷ ಬೇರ್ಪಡಿಸುವುದು ಕಷ್ಟ, ಅದು ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಿಸ್ಟೋಪೆಥಾಲಜಿಗೆ ಸರಿ ಅಂದೆ. ನಂತರ ಹಿರಿಯ ಪ್ರಾಧ್ಯಾಪಕರು ಕನ್ನಡಕ ತೆಗೆದಿಟ್ಟು, "ಮೇಡಂ, ಎಫ್‌ಎಸ್‌ಎಲ್‌ಗೆ ನಿಮ್ಮ ವಯಸ್ಸು ಮೀರಿದೆ, ಗೊತ್ತಿದೆಯಲ್ಲ?" ಅಂದರು. ಗೊತ್ತಿದೆ ಸರ್ ಅಂದು, ನೆಟ್, ಪಾಠ, ಆಸ್ಪತ್ರೆಗಳ ಎಂಎಲ್‌ಸಿ ತರಬೇತಿ ಎಲ್ಲ ಹೇಳಿದೆ. ಆಮೇಲೆ ಸಂದರ್ಶನ ಮಾತುಕತೆಯಾಯಿತು. ವಯಸ್ಸಾದವರನ್ನು ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಕೇಳಬೇಕು ಕೂಡ. ಚಿಕ್ಕಂದಿನಿಂದ ಆಸೆ ಇತ್ತು ಅನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ.

ದುಡ್ಡಿನ ಮಾತು ಚಿಕ್ಕದು. ಗುತ್ತಿಗೆಯವರಿಗೆ ಸಂಬಳದ ಓದಿನ ರಜೆ ಎಲ್ಲಿಯದು, ಕೆಲಸ ಬಿಟ್ಟೆ. ಶಿಕ್ಷಣ ಸಾಲಕ್ಕೆ ಹೋದಾಗ ಬ್ಯಾಂಕಿನವರು ವಿದ್ಯಾರ್ಥಿ ಎಲ್ಲಿ ಅಂತ ಮಗಳ ಕಡೆ ನೋಡಿದರು. ನಮ್ಮ ಮನೆಯವರು ಸಹ ಅರ್ಜಿದಾರರಾಗಿ ಸಹಿ ಹಾಕಿದರು. ತರಗತಿಗೆ ಶೇ 75 ಹಾಜರಿ ಬೇಕೇ ಬೇಕು, ಆದ್ದರಿಂದ ಹಗಲಿನ ಕೆಲಸದ ಆಸೆ ಇಟ್ಟುಕೊಳ್ಳಬೇಡಿ. ನಾನು ಶನಿವಾರ, ಭಾನುವಾರ ಒಂದು ಖಾಸಗಿ ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಡ್ಯೂಟಿ ಮಾಡುತ್ತೇನೆ. ಸಾಲದ ಬಡ್ಡಿಗೆ ಆಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಸೇರುವ ದಿನ ಮೂಲ ಟಿಸಿ, ಮೈಗ್ರೇಶನ್ ಅಲ್ಲೇ ಇಟ್ಟುಕೊಳ್ಳುತ್ತಾರೆ. ಕೊಡುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಂಡು, ಕೊಟ್ಟದ್ದಕ್ಕೆ ಸಹಿ ಇರುವ ರಸೀದಿ ಕೇಳಿ ಪಡೆಯಿರಿ. ಕೌಂಟರಿನವರು ಮುಖ ಸಿಂಡರಿಸಿದರೂ ಕೇಳಿ. ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದಕ್ಕೆಲ್ಲ ಸಹಿ ಬೇಕು ಅನ್ನುವುದನ್ನು ಮೊದಲ ಸೆಮಿಸ್ಟರಿನಲ್ಲಿ ಅವರೇ ಒಂದು ಪೂರ್ತಿ ಅಧ್ಯಾಯವಾಗಿ ಪಾಠ ಮಾಡುತ್ತಾರೆ.