ಶಿರಸಿಯ ಬಾವಿ ನೀರಿನಲ್ಲಿ ಸೆಟ್ನಾಯ್ ಬಾರ್ಬ್ ಮರಿ ಮಾಡಿಸಿದ್ದು

ಹೊಳೆ ಮೀನು ಟ್ಯಾಂಕಿನಲ್ಲಿ ಮರಿ ಮಾಡುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ ಗಿಡವೂ ನಿಲ್ಲುವುದಿಲ್ಲ ಎಂದವರೇ ಹೆಚ್ಚು. ಸಿಲಿಂಡರೂ ಇಲ್ಲ, ಹೀಟರೂ ಇಲ್ಲ, ಆದರೂ ಸೆಟ್ನಾಯ್ ಬಾರ್ಬ್ ಎಂಬ ಸಣ್ಣ ಹೊಳೆ ಮೀನು (ಪೆಥಿಯಾ ಸೆಟ್ನಾಯ್) ನನ್ನಲ್ಲಿ ಎರಡನೇ ತಲೆಮಾರಿಗೆ ಬಂದಿದೆ. ಗೋವಾ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಲ್ಲಷ್ಟೇ ಇರುವ ಈ ಬಾರ್ಬನ್ನು ಹೊಳೆಯಿಂದ ಬಲೆ ಹಾಕಿ ತರಬಾರದು. ನಾನು ತಂದದ್ದು ಬೆಂಗಳೂರಿನ ತಳಿಗಾರರೊಬ್ಬರ ಟ್ಯಾಂಕಿನ ಮರಿಗಳನ್ನು, ಒಂದಕ್ಕೆ 150 ರೂಪಾಯಿ ಆಸುಪಾಸು.

ಟ್ಯಾಂಕ್ ಮೂರಡಿಯದು, 130 ಲೀಟರ್. ಸ್ಪಂಜ್ ಫಿಲ್ಟರ್, ನೀರು ಓಡಿಸಲು ಪವರ್‌ಹೆಡ್ ಎಂಬ ಸಣ್ಣ ಪಂಪು, 20 ವ್ಯಾಟಿನ ಬಿಳಿ ಎಲ್‌ಇಡಿ ದಿನಕ್ಕೆ ಆರು ತಾಸು. ಮೀನು ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಸಿಲಿಂಡರ್ ಸೆಟ್ ಹಾಕಿದ್ದರೆ ಖರ್ಚು ಇನ್ನೂ ಏರುತ್ತಿತ್ತು. ಗಿಡ ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ, ಹಿಂಬದಿಗೆ ರೊಟಾಲಾ.

ನಮ್ಮ ಸೀಮೆಯಲ್ಲಿ ಆಟ ಕೆಡುವುದು ಮಣ್ಣಿನಲ್ಲಿ. ಅಡಿಕೆ ತೋಟದ ಮಣ್ಣು ಕಪ್ಪಗೆ, ಸತ್ವವಾಗಿ ಕಾಣುತ್ತದೆ, ಗಿಡವೂ ಚೆನ್ನಾಗಿ ಏಳುತ್ತದೆ. ಆದರೆ ಕೊಳೆ ರೋಗಕ್ಕೆಂದು ವರ್ಷವರ್ಷವೂ ಹೊಡೆದ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ್ದು) ತಾಮ್ರ ಅದರಲ್ಲಿ ಕೂತಿರುತ್ತದೆ. ಇಲ್ಲಿನಂಥ ಸುಣ್ಣದಂಶ ಕಡಿಮೆಯ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ದೊಡ್ಡ ಮೀನು ತಡೆದುಕೊಂಡೀತು. ಸೀಗಡಿ, ಬಸವನಹುಳು, ಮರಿ ಉಳಿಯುವುದಿಲ್ಲ. ಮೊಟ್ಟೆ ಒಡೆದು ಮರಿಯೆಲ್ಲ ಸತ್ತಾಗ ಆಹಾರ ಸರಿಯಿಲ್ಲ ಎಂದು ದೂರುವವರು ಮೊದಲು ಮಣ್ಣು ನೋಡಲಿ. ಬಕೆಟ್ಟಿನಲ್ಲಿ ಎರಡು ಮುಷ್ಟಿ ಮಣ್ಣು, ಬಾವಿ ನೀರು, ನಾಲ್ಕು ಬಸವನಹುಳು ಹಾಕಿ ವಾರ ಬಿಡಿ. ಹುಳು ಚಿಪ್ಪಿನೊಳಗೆ ಮುದುಡಿ ತಳದಲ್ಲೇ ಬಿದ್ದಿದ್ದರೆ ಅಥವಾ ನೀರು ಬಿಟ್ಟು ಬಕೆಟ್ಟಿನ ಅಂಚಿಗೆ ಹತ್ತಿದರೆ ಆ ಮಣ್ಣು ಬೇಡ. ಕೊಂಬು ಚಾಚಿ ಗೋಡೆ ಮೇಯುತ್ತಿದ್ದರೆ ಧೈರ್ಯವಾಗಿ ಬಳಸಿ. ನಾನು ಹಾಕಿದ್ದು ಔಷಧಿ ಕಾಣದ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಮಣ್ಣು: ಜರಡಿ ಹಿಡಿದು, ತಿಂಗಳ ಕಾಲ ನೆನೆಸಿ, ನೀರು ಬದಲಿಸಿ, ಒಂದಿಂಚು ಹರಡಿ, ಮೇಲೆ ಒಂದೂವರೆ ಇಂಚು ತೊಳೆದ ಹೊಳೆ ಮರಳು.

ಅಡಿಕೆ ಹಾಳೆಯನ್ನು ಗುಹೆಯಂತೆ ಮಡಚಿಟ್ಟೂ ನೋಡಿದೆ. ಮೀನಿಗೆ ಇಷ್ಟವಾಯಿತು, ಆದರೆ ಬೇಗ ಕೊಳೆತು ನೀರಿಗೆ ಲೋಳೆ ಕಟ್ಟಿತು. ಒಣಗಿದ ಹಲಸಿನೆಲೆಯೇ ಮೇಲು, ಎರಡು ತಿಂಗಳು ಬಾಳುತ್ತದೆ.

ಇನ್ನೊಂದು ತೊಡಕು ಪಿಎಚ್, ಅಂದರೆ ನೀರಿನ ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು. ಜಂಬಿಟ್ಟಿಗೆ ನೆಲದ ಬಾವಿಯಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ನನ್ನ ಬಾವಿಯ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 40ರ ಹತ್ತಿರ, ಪಿಎಚ್ 6.2. ಮೀನು ತುಂಬಿದ ಟ್ಯಾಂಕಿನಲ್ಲಿ ಪಿಎಚ್ ಸದ್ದಿಲ್ಲದೆ 5ಕ್ಕೆ ಇಳಿದರೆ, ಮೀನಿನ ಹೊಲಸಿನ ವಿಷ ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಕುಮಟಾ ಕಡೆಯಿಂದ ತಂದ ಬಳಚಿನ (ಕಪ್ಪೆಚಿಪ್ಪಿನ ಜಾತಿ) ಚಿಪ್ಪು ಕುದಿಸಿ, ಪುಡಿಮಾಡಿ, ಅರ್ಧ ಮುಷ್ಟಿಯಷ್ಟನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ಸಾಕು. ಹೆಚ್ಚಾದರೆ ನೀರು ಗಡುಸಾಗುತ್ತದೆ.

ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಕತ್ತಲಲ್ಲಿ ಮೀನಿನ ಜೊತೆ ಗಿಡಗಳೂ ಆಮ್ಲಜನಕ ಎಳೆಯುತ್ತವೆ. ಬ್ಯಾಟರಿ ಏರ್‌ಪಂಪ್ ಇಲ್ಲದೆ ಈ ಮೀನು ಸಾಕಬೇಡಿ.

ಮರಿಗೆ ಬೇರೆ ಟ್ಯಾಂಕ್, 20 ಲೀಟರ್ ಸಾಕು. ತಳದಿಂದ ಒಂದಿಂಚು ಮೇಲೆ ಪ್ಲಾಸ್ಟಿಕ್ ಜಾಳಿಗೆ, ಅದರ ಮೇಲೆ ಉಲ್ಲನ್ ನೂಲಿನ ಕುಚ್ಚು. ಗಂಡು ಹೆಣ್ಣನ್ನು ವಾರ ಬೇರೆಯಿಟ್ಟು ಸೊಳ್ಳೆ ಮರಿ, ಮೊಯ್ನಾ (ಸಣ್ಣ ನೀರ್ಚಿಗಟ) ತಿನ್ನಿಸಿ, ಸಂಜೆ ಒಟ್ಟಿಗೆ ಬಿಡಬೇಕು. ಅರ್ಧ ನೀರು ಮಳೆಯದು, ತೋಟದ ಪಕ್ಕದ ಮಾಡಿನದಲ್ಲ, ಅದರಲ್ಲೂ ತಾಮ್ರ ಇರುತ್ತದೆ. ತಾಪ 24ರ ಸುಮಾರು. ಬೆಳಿಗ್ಗೆ ಜಾಳಿಗೆಯ ಕೆಳಗೆ ಸಾಸಿವೆಗಿಂತ ಚಿಕ್ಕ ಮೊಟ್ಟೆ ಕಂಡೊಡನೆ ದೊಡ್ಡವನ್ನು ತೆಗೆಯಿರಿ, ತಡವಾದರೆ ತಾವೇ ತಿನ್ನುತ್ತವೆ. ಒಂದೂವರೆ ದಿನದಲ್ಲಿ ಒಡೆಯುತ್ತದೆ, ಮತ್ತೆರಡು ಮೂರು ದಿನಕ್ಕೆ ಮರಿ ಈಜುತ್ತದೆ. ಮೊದಲ ವಾರ ಇನ್ಫುಸೋರಿಯಾ (ನೀರಿನ ಸೂಕ್ಷ್ಮಜೀವಿಗಳು), ಆಮೇಲೆ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ ಜಾತಿಯ ಮರಿ). ಇನ್ಫುಸೋರಿಯಾ ನೀರು ನಾರದಂತೆ ನಾನು ಬೆಳೆಸುವ ಕ್ರಮವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಜೋಡಿಯಿಂದ ನಲವತ್ತು ಐವತ್ತು ಮರಿ ಬೆಳೆದು ನಿಲ್ಲುತ್ತವೆ.

ಕಾರವಾರ, ಅಂಕೋಲಾ ಕಡೆಯವರು ಇದನ್ನೇ ಮಾಡುವುದಾದರೆ ಎರಡು ಬದಲಾವಣೆ. ಬೇಸಿಗೆಯಲ್ಲಿ ಕಡಲ ಹತ್ತಿರದ ಬಾವಿಗೆ ಉಪ್ಪು ಏರುತ್ತದೆ, ಆದ್ದರಿಂದ ಪ್ರತಿ ಸಲ ನೀರು ಬದಲಿಸುವ ಮೊದಲು ಟಿಡಿಎಸ್ ನೋಡಿ. 150 ದಾಟಿದರೆ ಹಿಡಿದಿಟ್ಟ ಮಳೆ ನೀರು ಬೆರೆಸಿ. ಏಪ್ರಿಲ್‌–ಮೇನಲ್ಲಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿಸಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಮಳೆ ನೀರಿನಿಂದಲೇ ತುಂಬಿ.